ಕಬಿನಿಯ ಹೊಳೆಯಲ್ಲಿ ಒಂದು ಸಣ್ಣ ದಾರ

ಹೆಮ್ಮರಗಾಲ ಎಂಬ ಹೆಸರನ್ನು ನಿಮ್ಮಲ್ಲಿ ಹೆಚ್ಚಿನವರು ಕೇಳಿರಲಿಕ್ಕಿಲ್ಲ. ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಸೀಮೆಯಲ್ಲಿರುವ ಹಳ್ಳಿ ಅದು. ಅಲ್ಲಿನ ಸಂತಾನ ವೇಣುಗೋಪಾಲಸ್ವಾಮಿ ದೇವಾಲಯಕ್ಕೆ ಮಕ್ಕಳಿಲ್ಲದ ದಂಪತಿಗಳು ಹರಕೆ ಹೊತ್ತು ದೂರದೂರದಿಂದ ಬರುತ್ತಾರೆ. ಈ ಸೀಮೆಯಿಂದ ಸಮುದ್ರ ನೋಡಬೇಕೆಂದರೆ ಘಟ್ಟ ಇಳಿದು ಒಂದು ಹಗಲಿನ ಪ್ರಯಾಣ ಮಾಡಬೇಕು. ಬಂಗುಡೆ, ಬೂತಾಯಿ ಇಲ್ಲಿಗೆ ಬರುವುದು ಐಸಿನ ಪೆಟ್ಟಿಗೆಯಲ್ಲಿ.

ಹಾಗಿದ್ದೂ, ಗಾಳ ಹಾಕಿ ಮೀನು ಹಿಡಿಯುವವರ ಜಗತ್ತಿನಲ್ಲಿ ಈ ಸೀಮೆಯ ಹೊಳೆಗೆ ದೊಡ್ಡ ಹೆಸರಿದೆ. ಲಂಡನ್ನಿನಲ್ಲಿ ಕುಳಿತ ಹವ್ಯಾಸಿಗೂ 'ಕಬಿನಿ' ಎಂದರೆ ಗೊತ್ತು. ಅದೇ ಹೊಳೆಯ ನೀರಿನಿಂದ ಬೆಳೆದ ಅನ್ನ ಉಣ್ಣುವ ನಮ್ಮ ಮಕ್ಕಳಿಗೆ ಮಾತ್ರ ಅದರ ಕಾರಣ ಗೊತ್ತಿಲ್ಲ. ಪ್ರಿಯ ಓದುಗರೇ, ಈ ತಿಂಗಳು ಅರಮನೆ, ಮೃಗಾಲಯಗಳನ್ನು ಬದಿಗಿಟ್ಟು ಆ ಹೊಳೆಯ ದಡದಲ್ಲಿ ಸ್ವಲ್ಪ ದೂರ ನಡೆಯೋಣ ಬನ್ನಿ.

ಸೇತುವೆಯಿಂದ ಸಂಗಮದವರೆಗೆ

ಕಬಿನಿ ಹುಟ್ಟುವುದು ಕೇರಳದ ವಯನಾಡಿನಲ್ಲಿ. ಪನಮರಂ ಮತ್ತು ಮಾನಂದವಾಡಿ ಎಂಬ ಎರಡು ಹೊಳೆಗಳು ಕೂಡಿ ಕಬಿನಿಯಾಗಿ, ಹೆಗ್ಗಡದೇವನಕೋಟೆಯ ಕಾಡು ಹಾದು, 1974ರಲ್ಲಿ ಪೂರ್ಣಗೊಂಡ ಅಣೆಕಟ್ಟಿನಲ್ಲಿ ತಂಗಿ, ನಂಜನಗೂಡಿಗೆ ಬರುತ್ತದೆ. ಇಲ್ಲಿನ ಜನ ಇದನ್ನು ಕಪಿಲಾ ಎಂದೂ ಕರೆಯುತ್ತಾರೆ. ಮೈಸೂರಿನಿಂದ ನಂಜನಗೂಡಿಗೆ ಬಸ್ಸಿನಲ್ಲಿ ಒಂದು ಗಂಟೆಯೂ ಹಿಡಿಯುವುದಿಲ್ಲ. 1735ರಲ್ಲಿ ದಳವಾಯಿ ದೇವರಾಜ ಕಟ್ಟಿಸಿದ ಹಳೆಯ ಸೇತುವೆ ಇಲ್ಲಿದೆ. ಇಟ್ಟಿಗೆ, ಕಲ್ಲಿನ ಆ ಕಮಾನುಗಳ ಮೇಲೆ ಒಂದು ಕಾಲಕ್ಕೆ ರೈಲು ಕೂಡ ಓಡುತ್ತಿತ್ತು. ಟಿಪ್ಪು ಸುಲ್ತಾನರು ತಮ್ಮ ಆನೆಯ ಕಣ್ಣು ವಾಸಿಯಾದಾಗ ಇಲ್ಲಿನ ದೇವರನ್ನು 'ಹಕೀಮ್ ನಂಜುಂಡ' ಎಂದು ಕರೆದರೆಂಬ ಮಾತು ಈ ಊರಿನಲ್ಲಿ ಇಂದಿಗೂ ಬಾಯಿಂದ ಬಾಯಿಗೆ ಬರುತ್ತಿದೆ.

ನಂಜನಗೂಡಿನಿಂದ ಮುಂದೆ ಹೊಳೆ ಸುತ್ತೂರಿನ ಬದಿಯಿಂದ ಸಾಗಿ ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುವ ಸಂಗಮ ಇದೇ. ಬೇಸಗೆಯಲ್ಲಿ ಬಂಡೆಗಳು ತಲೆ ಎತ್ತಿರುತ್ತವೆ. ಮಳೆಗಾಲದಲ್ಲಿ ಅಣೆಕಟ್ಟಿನ ಬಾಗಿಲು ತೆರೆದರೆ ಸ್ನಾನಘಟ್ಟವೇ ಮುಳುಗುತ್ತದೆ.

ದಡದಲ್ಲಿ ಅಲ್ಲಲ್ಲಿ ಕೈಯಲ್ಲಿ ಕೋಲು ಹಿಡಿದು ಕುಳಿತವರು ನಿಮಗೆ ಸಿಗುತ್ತಾರೆ. ಬಿದಿರಿನ ಕಡ್ಡಿ, ಅದಕ್ಕೊಂದು ನೈಲಾನ್ ದಾರ, ನೀರಿನ ಮೇಲೆ ತೇಲುವ ಒಂದು ಬೆಂಡು, ಕೊನೆಗೊಂದು ಸಣ್ಣ ಗಾಳ. ಗಾಳಕ್ಕೆ ಎರೆಹುಳು ಅಥವಾ ಹಿಟ್ಟಿನ ಉಂಡೆ. ಸಿಗುವುದು ಸಾಮಾನ್ಯವಾಗಿ ಜಿಲೇಬಿ ಮೀನು, ಅದೃಷ್ಟವಿದ್ದರೆ ರೋಹು, ಕಾಟ್ಲಾ ಅಥವಾ ಬಾಳೆ ಮೀನು. ರಾತ್ರಿಯ ಸಾರಿಗೆ ಸಾಕಾದರೆ ಎದ್ದು ಹೋಗುತ್ತಾರೆ. ಮೀನು ಹಿಡಿಯುವ ಸರಳ ವಿಧಾನಗಳಲ್ಲಿ ಇದೂ ಒಂದು.

ಒಂದು ಮೂಟೆ ಅಕ್ಕಿಗಿಂತ ಭಾರ

1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಎಂಬವರು ಇದೇ ಕಬಿನಿಯಲ್ಲಿ ಗಾಳ ಹಾಕಿ ಒಂದು ಮೀನು ಹಿಡಿದರು. ಸತ್ತ ಪ್ರಾಣಿಗಳ ಚರ್ಮಕ್ಕೆ ಜೀವಂತ ರೂಪ ಕೊಡುವ ಕೆಲಸದಲ್ಲಿ ಜಗತ್ಪ್ರಸಿದ್ಧವಾಗಿದ್ದ ಕುಟುಂಬ ಅವರದು. ಮೀನಿನ ತೂಕ 120 ಪೌಂಡ್, ಅಂದರೆ 54 ಕಿಲೋಗೂ ಮೇಲೆ. ನಿಮ್ಮ ಮನೆಗೆ ಬರುವ ಐವತ್ತು ಕಿಲೋದ ಅಕ್ಕಿ ಮೂಟೆಯನ್ನು ನೆನಪಿಸಿಕೊಳ್ಳಿ, ಅದಕ್ಕಿಂತಲೂ ಭಾರ. ಅದಕ್ಕೂ ಮುಂಚೆ, 1919ರಲ್ಲಿ, ಕಾವೇರಿಯಲ್ಲಿ 119 ಪೌಂಡಿನ ಮೀನು ಸಿಕ್ಕಿತ್ತು. ಗಾಳಕ್ಕೆ ಸಿಕ್ಕ ಮಹಶೀರ್ ಮೀನುಗಳಲ್ಲಿ ಕಬಿನಿಯ ಆ ಮೀನಿನದು ಬಹುಕಾಲ ದಾಖಲೆಯಾಗಿ ಉಳಿಯಿತು.

ಮಹಶೀರ್ ನಮ್ಮ ಹೊಳೆಗಳ ದೊಡ್ಡ ಮೀನು. ಅಂಗೈಯಗಲದ ಹುರುಪೆ, ದಪ್ಪ ತುಟಿ, ಬಾಯಿಯ ಬದಿಯಲ್ಲಿ ನಾಲ್ಕು ಮೀಸೆ. ಬಾಯಿಯಲ್ಲಿ ಹಲ್ಲಿಲ್ಲ. ಆದರೆ ಗಂಟಲಿನೊಳಗಿರುವ ಹಲ್ಲುಗಳು ಏಡಿ, ಶಂಖದ ಹುಳುಗಳನ್ನು ಚಿಪ್ಪುಸಮೇತ ಪುಡಿ ಮಾಡುತ್ತವೆ. ಕಬ್ಬಿಣದ ಗಾಳವನ್ನೂ ಚಪ್ಪಟೆಯಾಗಿಸುತ್ತವೆ. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವ ಒಂದು ಜಾತಿಗೆ ಬೆನ್ನಿನ ಮೇಲೆ ಗೂನು ಎದ್ದಿರುತ್ತದೆ. ದಾಖಲೆಗಳ ದೈತ್ಯ ಮೀನುಗಳು ಈ ಗೂನುಬೆನ್ನಿನ ಜಾತಿಗೆ ಸೇರಿದವು.

ಇದನ್ನು ಹಿಡಿಯಲು ಹಾಕುತ್ತಿದ್ದ ಆಹಾರ ಯಾವುದು ಗೊತ್ತೇ? ರಾಗಿ! ಮೈಸೂರು ಸೀಮೆಯ ಹೆಣ್ಣುಮಕ್ಕಳು ದಿನವೂ ತೊಳಸುವ ಅದೇ ರಾಗಿ ಹಿಟ್ಟನ್ನು ಗಟ್ಟಿಯಾಗಿ ನಾದಿ, ಉಂಡೆ ಕಟ್ಟಿ, ನೀರಿನಲ್ಲಿ ಬೇಯಿಸಿ, ರಬ್ಬರಿನಂತಾದ ಮೇಲೆ ನಿಂಬೆಹಣ್ಣಿನ ಗಾತ್ರಕ್ಕೆ ಗಾಳದ ಸುತ್ತ ಮೆತ್ತುತ್ತಿದ್ದರು. ಪರಿಮಳಕ್ಕೆ ಸೋಂಪನ್ನೂ ಸೇರಿಸುವವರಿದ್ದರು. ವಿಲಾಯತಿಯಿಂದ ದುಬಾರಿ ಕೋಲು, ರೀಲು ತಂದ ಸಾಹೇಬರೂ ಕೊನೆಗೆ ಕೈಚಾಚಬೇಕಾಗಿದ್ದುದು ನಮ್ಮ ಹಳ್ಳಿಯ ಮುದ್ದೆಗೆ.

ಈ ಹವ್ಯಾಸದ ಚರಿತ್ರೆಯಲ್ಲಿ ನಮ್ಮ ಮಂಗಳೂರಿಗೂ ಪಾಲಿದೆ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬ ಇಂಗ್ಲಿಷ್ ಅಧಿಕಾರಿ ಬರೆದ 'ದಿ ರಾಡ್ ಇನ್ ಇಂಡಿಯಾ' ಎಂಬ ಗ್ರಂಥ 1873ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಭಾರತದ ಹೊಳೆಗಳಲ್ಲಿ ಗಾಳ ಹಾಕುವವರಿಗೆ ಅದು ಬಹುಕಾಲ ಕೈಪಿಡಿಯಾಗಿತ್ತು.

ಸಣ್ಣ ದಾರದ ಗುಟ್ಟು

ಐವತ್ತು ಕಿಲೋದ ಮೀನನ್ನು ಅದರ ತೂಕವನ್ನು ಹೊರಲಾರದ ದಾರದಿಂದ ಹಿಡಿಯುವುದು ಹೇಗೆಂದು ನೀವು ಕೇಳಬಹುದು. ಗುಟ್ಟು ಬಲದಲ್ಲಿಲ್ಲ, ಸಡಿಲಿಕೆಯಲ್ಲಿದೆ. ಮೀನು ಎಳೆದಾಗ ರೀಲು ದಾರವನ್ನು ಬಿಟ್ಟುಕೊಡಬೇಕು. ಮೀನು ನಿಂತಾಗ ಮೆಲ್ಲಗೆ ಸುತ್ತಿಕೊಳ್ಳಬೇಕು. ಕೋಲು ಬಿಲ್ಲಿನಂತೆ ಬಾಗಿ ಪೆಟ್ಟನ್ನು ತಾನು ತಿನ್ನುತ್ತದೆ. ದಾರ ಬಿಗಿಯಾದ ಕ್ಷಣವೇ ತುಂಡು. ತೀರಾ ಸಡಿಲವಾದರೆ ಗಾಳ ಕಳಚುತ್ತದೆ. ಮಗಳನ್ನು ಬೆಳೆಸಿದ ತಾಯಂದಿರಿಗೆ ಈ ಲೆಕ್ಕವನ್ನು ಬೇರೆ ಯಾರೂ ಕಲಿಸಿಕೊಡಬೇಕಾಗಿಲ್ಲ!

ಸಣ್ಣ ದಾರದ ಈ ವಿದ್ಯೆ ಹೊಳೆಗೆ ಮಾತ್ರ ಸೇರಿದ್ದಲ್ಲ. ಅಮೇರಿಕದ ಪೂರ್ವ ಕರಾವಳಿಯಲ್ಲಿ, ನಾರ್ತ್ ಕೆರೊಲಿನಾದಂತಹ ಕಡೆ, ಪ್ರತಿ ಶರತ್ಕಾಲದಲ್ಲಿ ಜನ ಹಗುರವಾದ ಕೋಲು ಹಿಡಿದು ಟ್ಯೂನಾ ಕುಟುಂಬದ ಒಂದು ಸಣ್ಣ ಮೀನಿನ ಹಿಂದೆ ದೋಣಿಗಳಲ್ಲಿ ಓಡುತ್ತಾರೆ. ಅಲ್ಲಿ ಅದಕ್ಕೆ 'ಫಾಲ್ಸ್ ಆಲ್ಬಕೋರ್' ಎಂದು ಹೆಸರು. ಅದರ ಒಡಹುಟ್ಟಿದಂತಿರುವ ಮೀನನ್ನೇ ನಮ್ಮ ಕರಾವಳಿಯವರು ಕೇದಾರ ಎನ್ನುತ್ತಾರೆ. ಗಾಳ ಕಚ್ಚಿದೊಡನೆ ಅದು ಬಾಣದಂತೆ ಓಡಿ ರೀಲಿನ ದಾರವನ್ನೆಲ್ಲ ಬಿಚ್ಚಿಸುತ್ತದೆ. ಮಾಂಸ ಕಪ್ಪುಗೆಂಪು, ವಾಸನೆ ಜಾಸ್ತಿ ಎಂದು ಅಲ್ಲಿನ ಹೆಚ್ಚಿನವರು ಅದನ್ನು ತಿನ್ನದೆ ನೀರಿಗೇ ಬಿಡುತ್ತಾರೆ. ನಮ್ಮಲ್ಲಿ ಅದೇ ಮೀನು ಖಾರ ಅರೆದ ಪದಾರ್ಥವಾಗುತ್ತದೆ. ಕೇದಾರ ಕೊಳ್ಳುವ ಸಹೋದರಿಯರು ಒಂದು ಸಂಗತಿ ನೆನಪಿಡಬೇಕು: ಐಸಿಲ್ಲದೆ ಬಿಸಿಲಿನಲ್ಲಿಟ್ಟರೆ ಈ ಜಾತಿಯ ಮೀನಿನಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಮುಖ ಕೆಂಪಾಗಿ, ಮೈ ತುರಿಸಿ, ತಲೆನೋವು ಬರುತ್ತದೆ.

ಬಿಡುವುದಕ್ಕೂ ವಿದ್ಯೆ ಬೇಕು. ಕೇದಾರದ ಜಾತಿಯ ಮೀನು ಈಜುತ್ತಲೇ ಉಸಿರಾಡುವಂಥದ್ದು. ಸುಸ್ತಾದ ಮೀನನ್ನು ತಲೆ ಮುಂದಾಗಿ ರಭಸದಿಂದ ನೀರಿಗೆ ಬಿಟ್ಟರೆ ಮಾತ್ರ ಕಿವಿರುಗಳಲ್ಲಿ ನೀರು ಹರಿದು ಬದುಕುತ್ತದೆ. ಮಹಶೀರನ್ನಾದರೆ ಹರಿವಿಗೆ ಎದುರಾಗಿ ಎರಡೂ ಕೈಗಳಲ್ಲಿ ಹಿಡಿದು, ಅದು ತಾನಾಗಿ ಬಾಲ ಬೀಸುವವರೆಗೆ ಕಾಯಬೇಕು.

ಈಗ ಮದ್ರಸದಲ್ಲಿ ಮಕ್ಕಳು ಕೇಳುವ ಒಂದು ಪ್ರಶ್ನೆ: ಹಿಡಿದು ಬಿಡುವ ಈ ಆಟ ಸರಿಯೇ? ಜಲಚರಗಳ ಬೇಟೆ ನಮಗೆ ಹಲಾಲ್ ಎಂದು ಪವಿತ್ರ ಕುರ್‌ಆನಿನ ಅಲ್ ಮಾಇದಃ ಅಧ್ಯಾಯ ಸ್ಪಷ್ಟಪಡಿಸುತ್ತದೆ. ಅದೇ ವೇಳೆ ಜೀವಂತ ಪ್ರಾಣಿಯನ್ನು ಗುರಿಯಾಗಿಟ್ಟು ಆಡುವುದನ್ನು ಪ್ರವಾದಿವರ್ಯರು(ಸ) ತಡೆದಿದ್ದಾರೆ. ಹೀಗಾಗಿ ಮನೆಮಂದಿಯ ಊಟಕ್ಕೆ ಗಾಳ ಹಾಕುವವನ ಬಗ್ಗೆ ಅನುಮಾನವಿಲ್ಲ. ಬರೀ ಮೋಜಿಗಾಗಿ ಜೀವಿಯನ್ನು ಸುಸ್ತಾಗಿಸುವವನು ತನ್ನ ಮನಸ್ಸನ್ನು ತಾನೇ ಕೇಳಿಕೊಳ್ಳಬೇಕು. ಆದರೆ ಕಬಿನಿ, ಕಾವೇರಿಗಳ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ಅಲ್ಲಿ ಮೀನನ್ನು ಮುಗಿಸಿದ್ದು ಈ ಸಣ್ಣ ದಾರವಲ್ಲ.

ಹೊಳೆಯನ್ನು ಬರಿದು ಮಾಡಿದ್ದು ಯಾವುದು?

ಮಹಶೀರ್ ಮಳೆಗಾಲದಲ್ಲಿ ಹರಿವಿಗೆ ಎದುರಾಗಿ ಮೇಲಕ್ಕೆ ಈಜಿ, ಶುದ್ಧವಾದ ನೀರು ಓಡುವ ಗರಸು ಕಲ್ಲಿನ ನಡುವೆ ಮೊಟ್ಟೆ ಇಡುತ್ತದೆ. ಕಾಟ್ಲಾ, ರೋಹುಗಳಂತೆ ಲಕ್ಷಗಟ್ಟಲೆ ಮೊಟ್ಟೆ ಇಡುವ ಮೀನಲ್ಲ ಇದು. ದಾರಿಗೆ ಅಣೆಕಟ್ಟು ಅಡ್ಡ ಬಂದರೆ ಮೇಲೆ ಹೋಗಲಾಗದು. ಮರಳು, ಗರಸು ತೆಗೆದರೆ ಮೊಟ್ಟೆ ಇಡುವ ತಾಣವೇ ಇಲ್ಲ. ಅಣೆಕಟ್ಟಿನಿಂದ ನಮ್ಮ ಗದ್ದೆಗಳಿಗೆ ನೀರು ಬಂದಿತು, ಅಲ್ಲಾಹನಿಗೆ ಸ್ತುತಿ. ಆದರೆ ಅದರ ಬೆಲೆಯನ್ನು ಹೊಳೆಯ ಜೀವಿಗಳು ತೆತ್ತವೆಂಬುದೂ ನಿಜ.

ಎಲ್ಲಕ್ಕಿಂತ ಕ್ರೂರವಾದದ್ದು ಸಿಡಿಮದ್ದು. ಕಲ್ಲು ಒಡೆಯುವ ಜಿಲೆಟಿನ್ ಕಡ್ಡಿಯನ್ನು ಆಳದ ಮಡುವಿಗೆ ಎಸೆದರೆ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಒಡೆಯುತ್ತದೆ. ಕೆಲವು ಮೀನು ತೇಲಿ ಬರುತ್ತವೆ. ಉಳಿದವು ತಳಕ್ಕೆ ಮುಳುಗಿ ಯಾರಿಗೂ ದಕ್ಕದೆ ಕೊಳೆಯುತ್ತವೆ. ಮರಿ, ಮೊಟ್ಟೆ ಒಂದೂ ಉಳಿಯುವುದಿಲ್ಲ. ವಿಷ ಹಾಕುವುದೂ ಹೀಗೆಯೇ. ಇವೆರಡನ್ನೂ 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದು ಸಾರಿತ್ತು. ಕಾಯ್ದೆ ಕಾಗದದಲ್ಲಿತ್ತು, ಮದ್ದು ಮಾತ್ರ ಹೊಳೆಯಲ್ಲಿ ಸಿಡಿಯುತ್ತಲೇ ಇತ್ತು. ದಾರ ಒಂದು ಸಲಕ್ಕೆ ಒಂದೇ ಮೀನನ್ನು ಕೇಳುತ್ತದೆ, ಆ ಮೀನಿಗೂ ತಪ್ಪಿಸಿಕೊಳ್ಳುವ ಅವಕಾಶ ಕೊಡುತ್ತದೆ. ಸಿಡಿಮದ್ದು ಮುಂದಿನ ವರ್ಷದ ಮೀನನ್ನೂ ಇಂದೇ ಕೇಳುತ್ತದೆ.

ಒಳ್ಳೆಯ ಉದ್ದೇಶದಿಂದಲೂ ಕೆಲವೊಮ್ಮೆ ಹಾನಿಯಾಗುತ್ತದೆ. ಮಹಶೀರ್ ಕಡಿಮೆಯಾಗುತ್ತಿದೆ ಎಂದು 1970ರ ದಶಕದಿಂದ ಮಹಾರಾಷ್ಟ್ರದ ಲೋನಾವಳದ ಮರಿಸಾಕಣೆ ಕೇಂದ್ರದಲ್ಲಿ ಮೊಟ್ಟೆಯೊಡೆಸಿದ ನೀಲಿರೆಕ್ಕೆಯ ಮಹಶೀರ್ ಮರಿಗಳನ್ನು ಬೇರೆ ಬೇರೆ ಹೊಳೆಗಳಿಗೆ ಬಿಡಲಾಯಿತು. ಕಾವೇರಿಗೂ ಬಿಟ್ಟರು. ಅದು ಇಲ್ಲಿನ ಮೂಲ ಜಾತಿಯಲ್ಲ. ಹೊಸಬ ವೃದ್ಧಿಯಾಗುತ್ತಾ ಹೋದಂತೆ ಮನೆಯೊಡೆಯನಾದ ಗೂನುಬೆನ್ನಿನ ಮಹಶೀರ್ ಮರೆಯಾಗುತ್ತಾ ಬಂತು. 'ಹೊಳೆಯಲ್ಲಿ ಮಹಶೀರ್ ಬೇಕಾದಷ್ಟಿದೆ' ಎಂದು ಎಲ್ಲರೂ ಸಮಾಧಾನಪಟ್ಟುಕೊಂಡರು. ಯಾವ ಮಹಶೀರ್ ಎಂದು ಕೇಳುವವರಿರಲಿಲ್ಲ.

ಲೆಕ್ಕ ಬರೆದಿಟ್ಟವರು

ಈ ಬದಲಾವಣೆ ಗೊತ್ತಾದದ್ದು ಹೇಗೆಂಬುದೇ ಈ ಕಥೆಯ ಮುಖ್ಯ ಭಾಗ. ಸಂಗಮದಿಂದ ಬಹಳಷ್ಟು ಕೆಳಗೆ, ಕಾವೇರಿಯ ಕಾಡಿನ ದಡದಲ್ಲಿ ಭೀಮೇಶ್ವರಿ, ಗಾಲಿಬೋರೆ ಎಂಬ ಶಿಬಿರಗಳಿದ್ದವು. ಅಲ್ಲಿ ದೇಶವಿದೇಶದ ಹವ್ಯಾಸಿಗಳು ಗಾಳ ಹಾಕಿ, ಹಿಡಿದ ಮೀನನ್ನು ತೂಗಿ, ಪುಸ್ತಕದಲ್ಲಿ ಬರೆದು, ಮತ್ತೆ ನೀರಿಗೆ ಬಿಡಬೇಕೆಂಬ ನಿಯಮವಿತ್ತು. ಹಿಂದೆ ಕಳ್ಳತನದಲ್ಲಿ ಮೀನು ಹಿಡಿಯುತ್ತಿದ್ದ ಕೆಲವರೇ ಅಲ್ಲಿ ಸಂಬಳದ ಸಹಾಯಕರಾಗಿ, ಹೊಳೆಯ ಕಾವಲುಗಾರರಾದರು. ವನ್ಯಧಾಮಗಳೊಳಗೆ ಗಾಳ ಹಾಕುವುದು 2012ರಲ್ಲಿ ನಿಂತಿತು. ಕಾಡುಪ್ರಾಣಿಗೆ ಕಾನೂನಿನ ರಕ್ಷಣೆ ಇರುವಲ್ಲಿ ಮೀನಿಗೂ ಇರಬೇಕೆಂಬ ವಾದಕ್ಕೆ ಅರ್ಥವಿದೆ. ಆದರೆ ಹಗಲಿರುಳು ದಡದಲ್ಲಿದ್ದ ಕಣ್ಣುಗಳೂ ಅದರೊಂದಿಗೆ ಮನೆಗೆ ಹೋದವೆಂದು ಸಂಶೋಧಕರು ಎಚ್ಚರಿಸಿದರು.

ಬರೆದಿಟ್ಟ ಪುಸ್ತಕ ಮಾತ್ರ ಉಳಿಯಿತು. 1998ರಿಂದ 2012ರವರೆಗಿನ ಆ ಲೆಕ್ಕವನ್ನು ವಿಜ್ಞಾನಿಗಳು ಕೂಡಿಸಿ ನೋಡಿ 2015ರಲ್ಲಿ ಪ್ರಕಟಿಸಿದರು. ವರ್ಷದಿಂದ ವರ್ಷಕ್ಕೆ ನೀಲಿರೆಕ್ಕೆಯದು ಹೆಚ್ಚಿತ್ತು. ಗೂನುಬೆನ್ನಿನದು ಇಳಿಯುತ್ತಾ, ಅದರ ಮರಿಗಳು ಕಾಣಿಸುವುದೇ ಅಪರೂಪವಾಗಿತ್ತು. ಸಂಜೆ ದೀಪದ ಬೆಳಕಿನಲ್ಲಿ 'ಇಂದು ಇಂಥ ಮೀನು, ಇಷ್ಟು ತೂಕ' ಎಂದು ಗೀಚಿಟ್ಟ ಸಾಲುಗಳು ಇಲ್ಲದಿದ್ದರೆ ಒಂದು ಜೀವಜಾತಿ ನಮ್ಮ ಕಣ್ಣೆದುರೇ ಕಣ್ಮರೆಯಾಗುತ್ತಿರುವುದು ಯಾರಿಗೂ ತಿಳಿಯುತ್ತಿರಲಿಲ್ಲ.

ಇನ್ನೊಂದು ಅಚ್ಚರಿ ಕೇಳಿ. ಇಷ್ಟು ಹೆಸರುವಾಸಿಯಾದ ಈ ಮೀನಿಗೆ 2018ರವರೆಗೂ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಹೆಸರಿಲ್ಲದ್ದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸುವುದಾದರೂ ಹೇಗೆ? ಕೊನೆಗೆ, ಕಾವೇರಿಯ ಉಪನದಿಯಾದ ಅಮರಾವತಿಗೆ ಸೇರುವ ಕೇರಳದ ಪಾಂಬಾರ್ ಹೊಳೆಯಲ್ಲಿ ಮೊದಲೇ ಗುರುತಿಸಿದ್ದ 'ಟಾರ್ ರೆಮಾದೇವಿ' ಎಂಬ ಮೀನೇ ಇದು ಎಂದು ಆ ವರ್ಷ ತೀರ್ಮಾನವಾಯಿತು. ಅದೇ ವರ್ಷ ಅದು ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ 'ಅತ್ಯಂತ ಗಂಭೀರ ಅಪಾಯದಲ್ಲಿರುವ' ಜೀವಿಗಳ ಸಾಲಿಗೆ ಸೇರಿತು. ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ವಿಜ್ಞಾನಿ ಡಾ. ಕೆ. ರೆಮಾದೇವಿಯವರ ಗೌರವಾರ್ಥ ಇಟ್ಟ ಹೆಸರದು. ನಮ್ಮ ಹೊಳೆಯ ಅತಿ ದೊಡ್ಡ ಮೀನು ಇಂದು ಜಗತ್ತಿನಲ್ಲಿ ಗುರುತಿಸಲ್ಪಡುವುದು ಒಬ್ಬ ಮಹಿಳೆಯ ಹೆಸರಿನಿಂದ. ವಿಜ್ಞಾನ ಓದುತ್ತಿರುವ ಹೆಣ್ಣುಮಕ್ಕಳಿಗೆ ಇದನ್ನು ಹೇಳಿ.

ಮಿತಿಯೆಂಬ ಪರೀಕ್ಷೆ

ಮೀನಿನ ಮೂಲಕವೇ ಪರೀಕ್ಷೆಗೊಳಗಾದ ಒಂದು ಜನತೆಯ ವೃತ್ತಾಂತ ಅಲ್ ಅಅ್‌ರಾಫ್ ಅಧ್ಯಾಯದಲ್ಲಿದೆ. ಸಮುದ್ರ ತೀರದ ಆ ಊರಿನವರಿಗೆ ಶನಿವಾರ ಮೀನು ಹಿಡಿಯಬಾರದೆಂಬ ಆಜ್ಞೆಯಿತ್ತು. ಆ ದಿನವೇ ಮೀನುಗಳು ನೀರಿನ ಮೇಲೆ ರಾಶಿರಾಶಿಯಾಗಿ ಬರುತ್ತಿದ್ದವು. ಜನ ಆಜ್ಞೆಯನ್ನು ಬಹಿರಂಗವಾಗಿ ಮುರಿಯದೆ ಉಪಾಯ ಹೂಡಿ ಮೀನನ್ನು ತಡೆದಿಟ್ಟುಕೊಂಡರೆಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಆರು ದಿನ ಮುಕ್ತವಾಗಿದ್ದರೂ ಏಳನೆಯ ದಿನದ ಆಸೆ ಅವರನ್ನು ಕೆಡಿಸಿತು. ಇಂದಿಗೂ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ ಅದು. ಮಿತಿಯನ್ನು ಪಾಲಿಸಿದವನ ಬಲೆಗೆ ಮುಂದೆಯೂ ಮೀನು ಬೀಳುತ್ತದೆ.

ಮಿತಿಯನ್ನು ಭಕ್ತಿಯಿಂದ ಕಾಪಾಡಿದ ತಾಣಗಳೂ ನಮ್ಮ ನಾಡಿನಲ್ಲಿವೆ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ, ಕಪಿಲಾ ಎಂಬ ಹೆಸರಿನದೇ ಇನ್ನೊಂದು ಹೊಳೆಯಲ್ಲಿ, ದೇವಾಲಯದ ಮೀನುಗಳನ್ನು ಯಾರೂ ಮುಟ್ಟುವುದಿಲ್ಲ. 1996ರಲ್ಲಿ ಯಾರೋ ವಿಷ ಹಾಕಿ ಅಲ್ಲಿ ಸಾವಿರಾರು ಮೀನುಗಳು ಸತ್ತವು. ಊರಿನವರ ಕಾವಲಿನಿಂದ ಮತ್ತೆ ಮೀನು ತುಂಬಿತು. ನೆರೆಯವರ ನಂಬಿಕೆ ನಮ್ಮದಲ್ಲದಿದ್ದರೂ ಅವರ ಕಾಳಜಿಯಿಂದ ಕಲಿಯಲು ಅಡ್ಡಿಯೇನಿದೆ?

ನೀವು ಹೋಗುವುದಾದರೆ

ಡಿಸೆಂಬರಿನಿಂದ ಫೆಬ್ರವರಿಯವರೆಗೆ ಈ ಸೀಮೆಗೆ ಹೋಗಲು ಒಳ್ಳೆಯ ಕಾಲ. ನಂಜನಗೂಡಿನ ರಸಬಾಳೆ ಸಿಕ್ಕರೆ ತಪ್ಪದೆ ಕೊಳ್ಳಿ. ಸಂಗಮದಲ್ಲಿ ಮಕ್ಕಳನ್ನು ನೀರಿಗಿಳಿಸಬೇಡಿ. ಮೇಲೆ ಶಾಂತವಾಗಿ ಕಂಡರೂ ಎರಡು ಹೊಳೆಗಳು ಕೂಡುವಲ್ಲಿ ಒಳಗೆ ಸುಳಿಯಿರುತ್ತದೆ, ಅಣೆಕಟ್ಟಿನಿಂದ ನೀರು ಬಿಟ್ಟರೆ ಮಟ್ಟ ಬೇಗನೆ ಏರುತ್ತದೆ. ದಡದಲ್ಲಿ ಗಾಳ ಹಾಕುವ ಆಸೆಯಿದ್ದರೆ ಮೊದಲು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಸಣ್ಣ ಮರಿ ಸಿಕ್ಕರೆ ಬಾಯಿ ಹರಿಯದಂತೆ ಗಾಳ ಬಿಡಿಸಿ, ಒದ್ದೆ ಕೈಯಿಂದಲೇ ನೀರಿಗೆ ಬಿಡಿ; ಒಣ ಕೈ ಅದರ ಮೈಮೇಲಿನ ಲೋಳೆಯನ್ನು ಕೀಳುತ್ತದೆ.

ಹೊಳೆಯ ಕಡೆಗೆ ಎಂದೂ ಹೋಗದ ಸಹೋದರಿಯರಿಗೂ ಇದರಲ್ಲಿ ಪಾತ್ರವಿದೆ. ಮನೆಗೆ ಮೀನು ತರುವುದು ಯಾರೇ ಆಗಲಿ, ಅದನ್ನು ಕೊಯ್ದು ತೊಳೆಯುವ ಕೈ ಹೆಚ್ಚಾಗಿ ನಿಮ್ಮದೇ. ಹೊಳೆಯ ಮೀನಿನ ಬೆನ್ನೆಲುಬು ಒಳಗೇ ಮುರಿದು, ಹೊಟ್ಟೆಯಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅನುಮಾನಪಡಿ. ಇದು ಯಾವ ಮಡುವಿನದು, ಹೇಗೆ ಹಿಡಿದದ್ದು ಎಂದು ತಂದವರನ್ನು ಕೇಳಿ. ಮೊಟ್ಟೆ ತುಂಬಿದ ಮೀನನ್ನು ಮಳೆಗಾಲದ ಆರಂಭದಲ್ಲಿ ಬೇಡವೆನ್ನಿ. ಕೊಳ್ಳುವವರು ಕೇಳತೊಡಗಿದರೆ ಮಾರುವವರು ಯೋಚಿಸುತ್ತಾರೆ. ಆಹಾರ ಹಲಾಲ್ ಆಗಿದ್ದರೆ ಸಾಲದು, ಶುದ್ಧವಾದ ದಾರಿಯಿಂದ ಬಂದದ್ದೂ ಆಗಿರಬೇಕೆಂದು ಮಕ್ಕಳಿಗೆ ಕಲಿಸುವವರು ನಾವೇ ಅಲ್ಲವೇ?

1946ರ ಆ ಮೀನಿನ ಸಂತತಿ ಕಾವೇರಿಯ ನೀರಿನಲ್ಲಿ ಇನ್ನೂ ಪೂರ್ತಿ ಮುಗಿದಿಲ್ಲ. ನೀಲಗಿರಿಯ ಬುಡದಲ್ಲಿ ಹರಿಯುವ ಮೋಯಾರ್ ಹೊಳೆಯಲ್ಲಿ ಗೂನುಬೆನ್ನಿನ ಮಹಶೀರ್ ಉಳಿದಿದೆ. ಅವು ಮತ್ತೆ ಕಬಿನಿಯ ಮಡುಗಳಿಗೆ ಬರುವವೋ ಇಲ್ಲವೋ ಅಲ್ಲಾಹನೇ ಬಲ್ಲ. ಬಂದರೆ ಅವುಗಳಿಗಾಗಿ ಗರಸು ಕಲ್ಲಿನ ತಳವನ್ನೂ ಸಿಡಿಮದ್ದಿಲ್ಲದ ನೀರನ್ನೂ ಉಳಿಸಿಡುವುದು ನಮ್ಮ ಕೈಯಲ್ಲಿದೆ.